ಬಂದವರ ತಾಟು

ಅಂಕೋಲೆ ಸ್ಟ್ಯಾಂಡು

ಅಮೆರಿಕಕ್ಕೆ ಹೋಗಿಬಂದವರೆಲ್ಲ ದೊಡ್ಡ ಜಲಪಾತ, ದೊಡ್ಡ ಕಟ್ಟಡ ನೋಡಿದ್ದನ್ನು ಬರೆಯುತ್ತಾರೆ. ನಾನು ಅವನ್ನೆಲ್ಲ ನೋಡಲಿಲ್ಲ. ನಾನು ನೋಡಿದ್ದು ತಂಗಿಯ ಅಡಿಗೆಮನೆ, ಅದರ ಕಿಟಕಿಯಿಂದ ಕಾಣುವ ಮೀನುಬಂದರು, ಆರು ಮಕ್ಕಳ ಬಾಯಿ ಮತ್ತು ಅಲ್ಲಿಯ ಸರ್ಕಾರದ ಹಾಲು. ಇಷ್ಟಕ್ಕೇ ಒಂದು ಕಥನವೇ ಎಂದು ನೀವು ಕೇಳಬಹುದು. ವಾಪಸು ಬಂದ ಮೇಲೆ ಅಂಕೋಲೆಯ ಹತ್ತಿರದ ನಮ್ಮೂರು ಹಾರವಾಡದಲ್ಲಿ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ವಿಚಾರಿಸದವರಿಲ್ಲ. ಎಲ್ಲರಿಗೂ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಾರವಾಡದ ಅಂಗನವಾಡಿಯ ಅಕ್ಕೋರು. ಟೀಚರ್ ಬಾಯಿಯನ್ನು, ಎಂದರೆ ಟೀಚರಮ್ಮನನ್ನು, ನಮ್ಮ ಕಡೆ ಹಾಗೇ ಕರೆಯುವುದು. ನನ್ನ ತಂಗಿ ಸುಮತಿ ಕಾರವಾರದ ಪ್ರಭಾಕರನನ್ನು ಮದುವೆಯಾದವಳು. ಅವನು ಹಡಗಿನ ಮೆಕ್ಯಾನಿಕ್. ದೇಶ ದೇಶ ಸುತ್ತಿ ಕೊನೆಗೆ ಅಮೆರಿಕದ ಒಂದು ಸಣ್ಣ ಬಂದರಿನಲ್ಲಿ ದೋಣಿ ರಿಪೇರಿಗೆ ನಿಂತ, ಅವಳೂ ಅಲ್ಲೇ ನಿಂತಳು. ಮೀನು ಕಾರ್ಖಾನೆಗೆ ಹೋಗುವ ತಾಯಂದಿರ ಆರು ಮಕ್ಕಳನ್ನು ಹಗಲು ಹೊತ್ತು ತನ್ನ ಮನೆಯಲ್ಲಿ ನೋಡಿಕೊಳ್ಳುತ್ತಾಳೆ. ಆ ಮಕ್ಕಳ ಊಟದ ಖರ್ಚು ಸರ್ಕಾರದ ಒಂದು ಯೋಜನೆಯದು. ಅಂತೂ ನಾವು ಅಕ್ಕತಂಗಿಯರಿಬ್ಬರೂ ಭೂಮಿಯ ಎರಡು ಕಡೆ ಕೂತು ಸರ್ಕಾರದ ಅನ್ನ ಬಡಿಸುವವರು.

ಆ ಚಳಿಗಾಲದಲ್ಲಿ ಸುಮತಿ ಮನೆಯ ಮುಂದಿನ ಹಿಮದ ಮೇಲೆ ಜಾರಿ ಬಲಗೈ ಮುರಿದುಕೊಂಡಳು. ಫೋನಿನಲ್ಲಿ ಅವಳ ದನಿ ಕೈಗಿಂತ ಹೆಚ್ಚು ಮುರಿದಿತ್ತು.

"ಅಕ್ಕಾ, ಸ್ವಲ್ಪ ದಿವ್ಸ ನೀ ಬರೂಕಾಗೂದೇ? ಮಕ್ಕಳನ್ನ ನೋಡೂಕೆ ಪಕ್ಕದ ಮನೆಯವ್ಳು ಬತ್ತಾಳೆ. ಅಡಿಗೆಗೇ ಜನ ಇಲ್ಲ."

"ಒಂದ್ ನಾಕ್ ದಿವ್ಸ ಬಾಗ್ಲು ಹಾಕಿದ್ರೆ ಎಂತ ಆಗೂದು?"

"ಹಾಕಿದ್ರೆ ಮಕ್ಕಳು ಬೇರೆ ಕಡೆ ಹೋತಾರೆ. ಮತ್ತೆ ಹೋದ್ಸಲ ತಪಾಸಣೆಯವ್ಳು ಬಂದಾಗ ಹಾಲು ಒಂದ್ ಲೋಟ ಕಮ್ಮಿ ಬಿತ್ತು. ಇನ್ನೊಂದ್ ಸಲ ತಪ್ಪು ಕಂಡ್ರೆ ಯೋಜನೆಯಿಂದ ತೆಗ್ದೇ ಹಾಕ್ತ್ರು. ಆಮೇಲೆ ನಾನೂ ಮೀನು ಕಾರ್ಖಾನೆಗೇ ಹೋಗೂದು."

ಚಿಕ್ಕವಳಿದ್ದಾಗ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಬೇಲೆಕೇರಿ ಬಂದರು ದಾಟುತ್ತಿದ್ದ ಹುಡುಗಿ ಅವಳು. ಪ್ರಭಾಕರನೇ ಟಿಕೆಟ್ಟು ಕಳಿಸಿದ, ನಾನು ರಜೆ ಬರೆದುಕೊಟ್ಟೆ.

ಅಂಕೋಲೆ ಸ್ಟ್ಯಾಂಡಿಗೆ ನನ್ನನ್ನು ಕಳಿಸಲು ನಮ್ಮ ಅಂಗನವಾಡಿಯ ಸಹಾಯಕಿ ಗಂಗೆ ಬಂದಿದ್ದಳು. ಕಾರವಾರದ ಬಸ್ಸು ಹೊರಡುವ ತನಕ ಅವಳ ಉಪದೇಶ ನಿಲ್ಲಲಿಲ್ಲ.

"ಅಕ್ಕೋರೆ, ಅಲ್ಲಿ ಹೋಗಿ ನಮ್ಮ ಹಾರವಾಡದ ಕಾರ್ಬಾರು ಮಾಡ್ಬೇಡಿ. ತಂಗಿ ಹೇಳ್ದಷ್ಟು ಮಾಡಿ, ಸುಮ್ನೆ ಕೂತ್ಕಣಿ."

"ನಂದಿರ್ಲಿ. ನೀನು ತಾಟು ಇಡೂದು ಮರೀಬೇಡ."

"ಅದ್ ಬಿಟ್ಟರೆ ಮಕ್ಕಳೇ ಬಿಡೂದಿಲ್ಲ."

ಈ ತಾಟಿನ ಸಂಗತಿ ಈಗಲೇ ಹೇಳಿಬಿಡುತ್ತೇನೆ. ನಮ್ಮ ಅಂಗನವಾಡಿಯಲ್ಲಿ ಮಕ್ಕಳಿಗೆ ಬಡಿಸುವಾಗ ಒಂದು ತಾಟು ಹೆಚ್ಚಿಗೆ ಇಡುವುದು ರೂಢಿ. ಯಾರಾದರೊಬ್ಬಳು ತವರಿಗೆ ಬಂದಿರುತ್ತಾಳೆ, ಅವಳ ಮಗು ಅಜ್ಜಿಯ ಸೆರಗು ಹಿಡಿದು ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಹಾಜರಿಯಲ್ಲಿ ಅದರ ಹೆಸರಿಲ್ಲ, ಹೊಟ್ಟೆಯಲ್ಲಿ ಹಸಿವಿದೆ. ಅದು ಬಂದ ಮೇಲೆ ಹುಡುಕಾಡಿ ತಾಟು ತಂದರೆ ಅದಕ್ಕೆ ನಾಚಿಕೆಯಾಗುತ್ತದೆ. ಮೊದಲೇ ಇಟ್ಟಿದ್ದರೆ ತನಗಾಗಿಯೇ ಕಾಯುತ್ತಿದ್ದರೆಂದು ಬಂದು ಕೂರುತ್ತದೆ. ಅದಕ್ಕೆ ಬಂದವರ ತಾಟು ಎಂದೇ ಹೆಸರು. ಎಲ್ಲರೂ ಕೂತ ಮೇಲೆಯೇ ಮೊದಲ ತುತ್ತು. ಆ ತಾಟಿಗೆ ಯಾರೂ ಬಾರದಿದ್ದರೆ ಅದರಲ್ಲಿ ಬಡಿಸಿದ ಕಾಳಿನ ಉಸಲಿ ಗಂಗೆಯ ಪಾಲು.

ನಾಯಿ ಮೂಸಿದ ಸಿಗಡಿ

ವಿಮಾನದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಕಾರವಾರದಿಂದ ಕುಮಟೆಗೆ ಬಸ್ಸಿನಲ್ಲಿ ನಿಂತು ಹೋಗಿ ಅಭ್ಯಾಸವಿದ್ದವರಿಗೆ ಅದು ಸುಖದ ಪ್ರಯಾಣವೇ. ಅನ್ನ ಕೇಳಿದೆ, ಬಂತು. ಮತ್ತೆ ಕೇಳಿದೆ, ಆ ಹುಡುಗಿ ನಕ್ಕಳು, ಅನ್ನ ಬರಲಿಲ್ಲ.

ಇಳಿದಲ್ಲಿ ಮಾತ್ರ ಒಂದು ನಾಯಿ ಕಾದಿತ್ತು. ಮೈಮೇಲೆ ಸರ್ಕಾರಿ ಅಂಗಿ ಹಾಕಿಕೊಂಡ ಗಿಡ್ಡ ನಾಯಿ. ಇಷ್ಟು ಜನರ ಚೀಲ ಬಿಟ್ಟು ಸೀದಾ ಬಂದು ನನ್ನ ಚೀಲದ ಪಕ್ಕ ಕೂತಿತು, ಏಳಲೇ ಇಲ್ಲ. ಚೀಲದಲ್ಲಿ ಕಾರವಾರದ ಸಂತೆಯಿಂದ ತಂದ ಒಣಸಿಗಡಿ, ಸಾರಿಗೆ ಹಾಕುವ ಮುರುಗಲು ಹಣ್ಣಿನ ಒಣಸಿಪ್ಪೆ, ಗಂಗೆ ಕಟ್ಟಿಕೊಟ್ಟ ಹಪ್ಪಳ ಇದ್ದವು. ಅಧಿಕಾರಿ ಸಿಗಡಿಯ ಕಟ್ಟನ್ನು ಎರಡು ಬೆರಳಲ್ಲಿ ಎತ್ತಿ ದೂರ ಹಿಡಿದ. ತಂಗಿಗೆ ಕೈಮುರಿದಿದೆ, ಅವಳಿಗೆ ಸಿಗಡಿ ಚಟ್ನಿ ಬೇಕು ಎಂದು ನನಗೆ ಬಂದ ಇಂಗ್ಲಿಷಿನಲ್ಲೆಲ್ಲ ಹೇಳಿದೆ. ಅವನು ಕೈಯ ಬಗ್ಗೆ ಮರುಗಿದ, ಸಿಗಡಿಯನ್ನು ಇಟ್ಟುಕೊಂಡ. ಮುರುಗಲನ್ನು ಮೂಸಿ ನೋಡಿ ಏನೆಂದು ತಿಳಿಯದೆ ವಾಪಸು ಕೊಟ್ಟ.

ಹೊರಗೆ ನಿಂತಿದ್ದ ಪ್ರಭಾಕರ ಮೊದಲು ಕೇಳಿದ್ದೂ ಸಿಗಡಿ ತಂದಿರಾ ಎಂದೇ. "ಸುಂಗ್ಟಾಂ ಹಾಡಲೀಂವೇ?" ಕಾರವಾರದ ಕೊಂಕಣಿಯವರಿಗೆ ನೆಂಟರ ಕ್ಷೇಮ ಆಮೇಲೆ, ಸಿಗಡಿ ಮೊದಲು. ನಾಯಿಯ ಕತೆ ಹೇಳಿದಾಗ ಅವನ ಮುಖ ನೋಡಿ ನನಗೇ ಅಯ್ಯೋ ಅನಿಸಿತು.

ಐದು ಬಗೆ

ಸುಮತಿಯ ಮನೆಯಲ್ಲಿ ಮಧ್ಯಾಹ್ನದ ಊಟವೆಂದರೆ ಐದು ಬಗೆ. ಹಾಲು, ರೊಟ್ಟಿಯೋ ಅನ್ನವೋ ಒಂದು, ಮೊಟ್ಟೆ ಮಾಂಸ ಬೇಳೆಯಲ್ಲಿ ಒಂದು, ಮತ್ತೆ ತರಕಾರಿ ಹಣ್ಣು ಸೇರಿ ಎರಡು. ಐದೂ ಒಟ್ಟಿಗೇ ಮೇಜಿನ ಮೇಲೆ ಇರಬೇಕು. ಮೊದಲು ಅನ್ನ, ಆಮೇಲೆ ಸಾರು, ಕಡೆಗೆ ಮಜ್ಜಿಗೆ ಎಂಬ ನಮ್ಮ ಕ್ರಮ ನಡೆಯುವುದಿಲ್ಲ. ಮಕ್ಕಳಿಗೆ ತುತ್ತು ಮಾಡಿ ಬಾಯಿಗೆ ಇಡುವಂತಿಲ್ಲ, ಅವರೇ ಬಡಿಸಿಕೊಂಡು ಅವರೇ ತಿನ್ನಬೇಕು. ಬೇಡವೆಂದ ಮಗುವಿಗೆ ಒತ್ತಾಯ ಮಾಡುವಂತಿಲ್ಲ. ಈ ಕೊನೆಯ ನಿಯಮ ಕೇಳಿ ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಇಷ್ಟು ವರ್ಷ ನಾನು ಮಾಡಿದ ನೌಕರಿಯಲ್ಲಿ ಮುಕ್ಕಾಲು ಪಾಲು ಒತ್ತಾಯವೇ.

ಮೊದಲ ದಿನವೇ ಹಾಲಿನಲ್ಲಿ ಎಡವಿದೆ. ಹೊರಗೆ ಹಿಮ, ಒಳಗೆ ಮಕ್ಕಳು ಫ್ರಿಜ್ಜಿನಿಂದ ತೆಗೆದ ಹಾಲನ್ನು ಹಾಗೇ ಕುಡಿಯುತ್ತವೆ. ನಮ್ಮೂರಲ್ಲಿ ಹೀಗೆ ಕೊಟ್ಟರೆ ಸಂಜೆಯೊಳಗೆ ಅಜ್ಜಿಯಂದಿರ ಮೆರವಣಿಗೆ ಅಂಗನವಾಡಿಗೆ ಬರುತ್ತದೆ. ಸುಮತಿ ಔಷಧ ತಿಂದು ಮಲಗಿದ್ದಾಗ ನಾನು ಹಾಲನ್ನು ಚೆನ್ನಾಗಿ ಉಕ್ಕಿಸಿ, ಒಂಚೂರು ಸಕ್ಕರೆ ಹಾಕಿ, ಆರಿಸಿ ಕೊಟ್ಟೆ. ಮಕ್ಕಳು ಲೋಟದೊಳಗೆ ಇಣುಕಿದವು. ಮೇಲೆ ಕೆನೆ ಕಟ್ಟಿತ್ತು. ನಾಲ್ಕು ವರ್ಷದ ಲೂಸಿ ಎಂಬ ಹುಡುಗಿ ಅದನ್ನು ಚಮಚದಿಂದ ಎತ್ತಿ, "ನಿಮ್ಮ ಹಾಲಿಗೆ ಗಾಯ ಆಗಿದೆ" ಎಂದಳು. ಅಲ್ಲಿಯವರು ಇಂಗ್ಲಿಷಿನಲ್ಲಿ ಆಡಿದ್ದನ್ನು ನಾನು ಕನ್ನಡದಲ್ಲೇ ಹೇಳುತ್ತಿದ್ದೇನೆ, ಮೂಲದಲ್ಲಿ ಇನ್ನೂ ಮುದ್ದಾಗಿತ್ತು.

ಸುಮತಿ ಎದ್ದು ಬಂದವಳು ಎಡಗೈಯಲ್ಲಿ ಹಣೆ ಹಿಡಿದುಕೊಂಡಳು.

"ಅಕ್ಕಾ, ಆ ಬಾಯಿ ಯಾವತ್ ಬತ್ತಾಳೆ ಹೇಳೂಕಾಗೂದಿಲ್ಲ. ಹೇಳದೆ ಬತ್ತಾಳೆ, ಊಟದ ಹೊತ್ತಿಗೇ ಬತ್ತಾಳೆ. ಅವತ್ತು ಎಂತ ಕಂಡ್ತೋ ಅದೇ ಲೆಕ್ಕ. ನಿಂಗೆ ಕೈ ಮುಗೀತೆ, ನಾ ಹೇಳ್ದ ಹಂಗೇ ಮಾಡು."

ಮಾಡಿದೆ. ತಣ್ಣನೆಯ ಹಾಲು ಕೊಡುವಾಗ ಆ ಕಡೆ ತಿರುಗಿ ನಿಲ್ಲುತ್ತಿದ್ದೆ, ಅಷ್ಟೆ.

ಏಳನೆಯದು

ತಾಟು ಇಟ್ಟದ್ದು ಬೇಕೆಂದು ಅಲ್ಲ, ಕೈಗೆ ಅದೇ ಅಭ್ಯಾಸ. ಆರು ಮಕ್ಕಳಿಗೆ ಬಡಿಸುವುದೆಂದರೆ ಏಳು ತಾಟು ಇಡುವುದು. ಸುಮತಿ ಕಂಡವಳೇ ಒಂದನ್ನು ತೆಗೆದು ಸಿಂಕಿನಲ್ಲಿಟ್ಟಳು.

"ಇಲ್ಲಿ ಯಾರೂ ಬರೂದಿಲ್ಲ ಅಕ್ಕಾ. ಕಡ್ಲೆಬೇಳೆ ಪಾಯಸ ಮಾಡಿ ಕರದ್ರೂ ಎರಡು ವಾರ ಮೊದ್ಲೇ ಹೇಳ್ಬೇಕು."

ಮರುದಿನ ಮತ್ತೆ ಏಳಾಯಿತು. ಅದರ ಮರುದಿನವೂ. ಅವಳು ಒಂದು ಕೈಯಲ್ಲಿ ಎಷ್ಟೂಂತ ತೆಗೆಯುತ್ತಾಳೆ, ಕೊನೆಗೆ ಬಿಟ್ಟುಬಿಟ್ಟಳು. ಯಾರೂ ಬಾರದೆ ಉಳಿದದ್ದನ್ನು ನಾನೇ ಉಣ್ಣುತ್ತಿದ್ದೆ, ಗಂಗೆಯ ಪಾಲು ನನಗೆ ಬಂತು.

ಮಕ್ಕಳು ಬಿಡಬೇಕಲ್ಲ. ಇದು ಯಾರದು ಎಂದು ಲೂಸಿ ಕೇಳಿದಳು. ಬಂದವರದು ಎಂದೆ. ಯಾರು ಬರುತ್ತಾರೆ? ಗೊತ್ತಿಲ್ಲ, ಬಂದ ಮೇಲೆ ಗೊತ್ತಾಗುತ್ತದೆ. ಅವಳಿಗೆ ಈ ಉತ್ತರ ಬಹಳ ಹಿಡಿಸಿತು. ಅಂದಿನಿಂದ ಊಟದ ಮೊದಲು ಆರೂ ಮಕ್ಕಳು ಕಿಟಕಿಗೆ ಮೂಗು ಒತ್ತಿ ನಿಲ್ಲುವುದು ಶುರುವಾಯಿತು. ಒಬ್ಬನ ಪ್ರಕಾರ ಡೈನೊಸಾರ್ ಬರುವುದಿತ್ತು. ಇನ್ನೊಬ್ಬಳ ಪ್ರಕಾರ ಅವಳ ಅಮ್ಮ, ಕಾರ್ಖಾನೆಗೆ ರಜೆ ಹಾಕಿ. ಪೋಸ್ಟಿನವನು ಗೇಟಿನ ತನಕ ಬಂದಾಗ ಎಲ್ಲ ಚಪ್ಪಾಳೆ ತಟ್ಟಿದವು. ಅವನು ಡಬ್ಬಿಗೆ ಕಾಗದ ಹಾಕಿ ಕೈಬೀಸಿ ಹೋಗಿಬಿಟ್ಟ. ಲೂಸಿ ನನ್ನ ಕಡೆ ತಿರುಗಿದ ರೀತಿ ನೋಡಬೇಕಿತ್ತು, ಮಾತು ಕೊಟ್ಟು ತಪ್ಪಿದವಳು ನಾನೇ ಎಂಬಂತೆ.

ನಿಜ ಹೇಳುತ್ತೇನೆ, ನನಗೂ ಬೇಜಾರಾಗತೊಡಗಿತು. ಹಾರವಾಡದಲ್ಲಿ ವಾರಕ್ಕೊಂದು ಮಗುವಾದರೂ ಬರುತ್ತಿತ್ತು. ಇಲ್ಲಿ ರಸ್ತೆಯಲ್ಲಿ ಕಾರುಗಳು ಹೋಗುತ್ತವೆ, ಬಾಗಿಲಿಗೆ ಯಾರೂ ಬರುವುದಿಲ್ಲ. ಇದ್ದ ಒಬ್ಬಳೇ ಅತಿಥಿ ಆ ತಪಾಸಣೆಯವಳು, ಅವಳು ಬಾರದಿರಲಿ ಎಂದು ಸುಮತಿ ದಿನಾ ದೇವರಿಗೆ ದೀಪ ಹಚ್ಚುತ್ತಿದ್ದಳು.

ಹಿರಿಯರ ಹಗಲುಮನೆ

ಒಂದು ಶನಿವಾರ ಸುಮತಿ ನನ್ನನ್ನು ಬಂದರಿನ ಹತ್ತಿರದ ಇನ್ನೊಂದು ಕಡೆ ಕರೆದುಕೊಂಡು ಹೋದಳು. ಅಲ್ಲಿ ವಯಸ್ಸಾದವರನ್ನು ಹಗಲು ಹೊತ್ತು ನೋಡಿಕೊಳ್ಳುತ್ತಾರೆ. ಮಕ್ಕಳು ಕೆಲಸಕ್ಕೆ ಹೋಗುವಾಗ ಬಿಟ್ಟು, ಸಂಜೆ ಕರೆದೊಯ್ಯುತ್ತಾರೆ. ಅವರಿಗೂ ಅದೇ ಯೋಜನೆಯ ಊಟ, ಅದೇ ಐದು ಬಗೆ. ಹಾರವಾಡದ ಮುದುಕರ ಹಗಲುಮನೆ ಎಂದರೆ ಬಲೆ ಹೆಣೆಯುವ ಚಪ್ಪರ. ಅಲ್ಲಿ ಊಟವಿಲ್ಲ, ಆದರೆ ಜಗಳಕ್ಕೆ ಬರವಿಲ್ಲ. ಇಲ್ಲಿ ಊಟವಿತ್ತು, ಜಗಳವೂ ಇತ್ತು, ಹಾಗಾಗಿ ನನಗೆ ಕೂಡಲೇ ಹೊಂದಿಕೆಯಾಯಿತು.

ಒಬ್ಬ ಅಜ್ಜ, ಮೊದಲು ಮೀನು ಹಿಡಿಯುತ್ತಿದ್ದವನಂತೆ, ನನ್ನ ಪಕ್ಕ ಕೂತಿದ್ದ. ತನ್ನ ಹಾಲಿನ ಪೊಟ್ಟಣವನ್ನು ಬೆರಳಿನಿಂದ ನನ್ನ ಕಡೆ ತಳ್ಳಿದ. ನಾನು ವಾಪಸು ತಳ್ಳಿದೆ.

"ನಿಮ್ಮ ದೇಶದಲ್ಲಿ ಮುದುಕರಿಗೆ ಹಾಲು ಕುಡಿಸುತ್ತಾರಾ?" ಎಂದು ಕೇಳಿದ.

"ಇಲ್ಲ, ಚಾ ಕುಡಿಸುತ್ತೇವೆ."

"ಹಾಗಾದರೆ ನಾನು ನಿಮ್ಮ ಜೊತೆ ಬರುತ್ತೇನೆ."

ಹೊರಡುವಾಗ ಅವನು ಒಂದು ಸೇಬನ್ನು ಕೋಟಿನ ಜೇಬಿಗೆ ಹಾಕಿಕೊಂಡ. ಯೋಜನೆಯ ತಿಂಡಿಯನ್ನು ಮನೆಗೆ ಒಯ್ಯುವಂತಿಲ್ಲ ಎಂದು ಸುಮತಿ ನನಗೆ ಕಿವಿಯಲ್ಲಿ ಹೇಳಿದಳು. ಬಡಿಸುವ ಹೆಂಗಸು ಅವನ ಜೇಬು ನೋಡಿದಳು, ಆಮೇಲೆ ಕಿಟಕಿ ನೋಡಿದಳು. ಕಿಟಕಿಯಲ್ಲಿ ಅಂಥದ್ದೇನೂ ಇರಲಿಲ್ಲ.

ಬಂದವಳು

ಅವಳು ಬಂದದ್ದು ಒಂದು ಗುರುವಾರ, ಸರಿಯಾಗಿ ಮಕ್ಕಳು ಬಡಿಸಿಕೊಂಡು, ನಾನು ಏಳನೆಯ ತಾಟಿಗೂ ಬಡಿಸಿ ಮುಗಿಸಿದ ಹೊತ್ತಿಗೆ. ಬೆಲ್ಲು ಆಯಿತು. ಮಕ್ಕಳನ್ನು ನೋಡಿಕೊಳ್ಳಲು ಬರುತ್ತಿದ್ದ ಪಕ್ಕದ ಮನೆಯವಳು ಬಾಗಿಲು ತೆರೆದಳು. ಎತ್ತರದ, ಕನ್ನಡಕದ, ಭುಜಕ್ಕೆ ದೊಡ್ಡ ಚೀಲ ಹಾಕಿಕೊಂಡ ಹೆಂಗಸು ಬೂಟಿನ ಹಿಮ ಕೊಡವಿ ಒಳಗೆ ಬಂದಳು. ಸುಮತಿಯ ಮುಖ ನೋಡಿಯೇ ಯಾರೆಂದು ನನಗೆ ತಿಳಿಯಿತು.

ಅವಳು ಹಾಲು ನೋಡಿದಳು, ಸರಿ ಇತ್ತು. ಬೇಳೆ, ಅನ್ನ, ಗಜ್ಜರಿ, ಕಿತ್ತಳೆ ನೋಡಿದಳು, ತಲೆಯಾಡಿಸಿದಳು. ಮಕ್ಕಳನ್ನು ಎಣಿಸಿದಳು. ತಾಟುಗಳನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಆರು ಮಕ್ಕಳು. ಊಟ ಏಳು. ಏಳನೆಯ ಮಗು ಎಲ್ಲಿ?"

ಆಗ ನನಗೆ ಗೊತ್ತಾಯಿತು ನಾನು ಮಾಡಿದ್ದೇನೆಂದು. ಇಲ್ಲದ ಮಗುವಿನ ಹೆಸರಿನಲ್ಲಿ ಸರ್ಕಾರದ ಊಟ ತೋರಿಸುವುದು ಆ ಯೋಜನೆಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಹಾಲು ಕಮ್ಮಿ ಬಿದ್ದದ್ದು ಅದರ ಮುಂದೆ ಏನೂ ಅಲ್ಲ. ಸುಮತಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಮೇಜಿನ ಹತ್ತಿರ ಬಂದಳು. ಕೈ ಮುರಿದಾಗ ಸಹಾಯಕ್ಕೆಂದು ಬಂದು ಅವಳ ಬಾಗಿಲನ್ನೇ ಮುಚ್ಚಿಸುವವಳಾದೆನಲ್ಲ ಎಂದು ದುಃಖ ಒತ್ತಿಬಂತು.

"ತಪ್ಪು ನಂದು ಮೇಡಂ" ಎಂದೆ. "ಇದು ಬಂದವರ ತಾಟು."

"ಯಾವ ಮಗು ಬರುತ್ತದೆ?"

"ಯಾವುದಾದರೂ."

"ಹೆಸರು?"

"ಬಂದ ಮೇಲೆ ಕೇಳುವುದು."

ಸುಮತಿ ಕನ್ನಡದಲ್ಲಿ, "ಅಕ್ಕಾ, ದಯಮಾಡಿ ಸುಮ್ನಿರೇ" ಎಂದಳು. ನನ್ನ ಪ್ರತಿ ಮಾತೂ ಅವಳನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತಿತ್ತು.

ಅಷ್ಟರಲ್ಲಿ ಲೂಸಿ ಕುರ್ಚಿಯಿಂದ ಇಳಿದು ಬಂದು ಆ ಹೆಂಗಸಿನ ಕೋಟು ಹಿಡಿದು ಎಳೆದಳು.

"ಇಷ್ಟು ದಿನ ಎಲ್ಲಿದ್ದೆ? ನಾವು ದಿನಾ ನಿನ್ನನ್ನೇ ಕಾಯುತ್ತಿದ್ದೆವು" ಎಂದಳು.

ಆ ಹೆಂಗಸು ಕೆಳಗೆ ನೋಡಿದಳು. ಲೂಸಿ ಅವಳನ್ನು ಏಳನೆಯ ಕುರ್ಚಿಯ ತನಕ ನಡೆಸಿಕೊಂಡು ಹೋಗಿ ಕೂರಿಸಿಯೇಬಿಟ್ಟಳು. ಚಿಕ್ಕ ಕುರ್ಚಿ, ಅವಳ ಮೊಣಕಾಲುಗಳು ಮೇಜಿಗಿಂತ ಮೇಲೆ ಬಂದವು. ಡೈನೊಸಾರಿನ ಹುಡುಗನಿಗೆ ಸ್ವಲ್ಪ ನಿರಾಸೆಯಾಯಿತು, ಆದರೂ ಜರುಗಿ ಜಾಗ ಕೊಟ್ಟ.

"ನಾನು ಇದನ್ನು ತಿನ್ನುವಂತಿಲ್ಲ ಮಗು. ನೀವು ತಿನ್ನಿ, ನಾನು ನೋಡಬೇಕು."

ಮಕ್ಕಳು ತಿನ್ನಲಿಲ್ಲ. ಆರೂ ಮಕ್ಕಳ ಕೈಗಳು ಮಡಿಲಲ್ಲಿ. ಎಲ್ಲರೂ ಕೂತು, ಎಲ್ಲರೂ ಶುರುಮಾಡುವುದೆಂದು ನಾನೇ ಕಲಿಸಿದ್ದು. ಅವಳು ಮಕ್ಕಳು ಉಣ್ಣುವುದನ್ನು ಕಣ್ಣಾರೆ ನೋಡದೆ ಹೋಗುವಂತಿಲ್ಲ, ಅದು ಅವಳ ನಿಯಮ. ಅವಳು ಉಣ್ಣದೆ ಮಕ್ಕಳು ಮುಟ್ಟುವುದಿಲ್ಲ, ಅದು ನನ್ನ ನಿಯಮ. ಒತ್ತಾಯ ಮಾಡುವಂತಿಲ್ಲ, ಅದು ಸರ್ಕಾರದ ನಿಯಮ.

ಆ ಹೆಂಗಸು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಆಮೇಲೆ ನನ್ನನ್ನು ಕರೆದು, "ಈ ಊಟವನ್ನು ನೀವು ಬೇರೆ ತಾಟಿಗೆ ತೆಗೆದುಕೊಂಡು ಮಕ್ಕಳ ಜೊತೆ ಕೂತುಕೊಳ್ಳಿ. ದೊಡ್ಡವರೊಬ್ಬರು ಜೊತೆಗೆ ಉಣ್ಣುವುದು ಒಳ್ಳೆಯದೇ, ಮಕ್ಕಳ ಲೆಕ್ಕಕ್ಕೆ ಸೇರಿಸದಿದ್ದರೆ ಆಯಿತು. ಖಾಲಿ ತಾಟು ನನಗೆ ಕೊಡಿ" ಎಂದಳು. ತನ್ನ ಚೀಲದೊಳಗೆ ಕೈಹಾಕಿ ಕಾಗದದಲ್ಲಿ ಸುತ್ತಿದ ಎರಡು ತುಂಡು ಬ್ರೆಡ್ಡು ತೆಗೆದು, ಬಂದವರ ತಾಟಿನಲ್ಲಿ ಇಟ್ಟುಕೊಂಡು, ಒಂದು ಕಚ್ಚು ಕಚ್ಚಿದಳು.

ಆರು ಚಮಚಗಳು ಒಟ್ಟಿಗೇ ಎದ್ದವು. ಕಿತ್ತಳೆಯನ್ನು ಎಂದೂ ಮುಟ್ಟದ ಹುಡುಗ ಆವತ್ತು ಎರಡು ಸಲ ಬಡಿಸಿಕೊಂಡ. ಅವಳು ಒಂದು ಕೈಯಲ್ಲಿ ಬ್ರೆಡ್ಡು ಹಿಡಿದು ಇನ್ನೊಂದರಲ್ಲಿ ಬರೆದುಕೊಂಡಳು. ಹೊರಡುವಾಗ ಸುಮತಿಗೆ, ಎಲ್ಲ ಸರಿಯಿದೆ, ಇನ್ನು ಮೇಲೆ ಆ ತಾಟಿನಲ್ಲಿ ಸರ್ಕಾರದ ಊಟ ಮಾತ್ರ ಬಡಿಸಿಡಬೇಡಿ, ಖಾಲಿ ಇಡಿ ಎಂದು ತಾಕೀತು ಮಾಡಿದಳು. ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದಳು.

"ಊಟದ ಹೊತ್ತಿಗೇ ಮನೆಮನೆಗೆ ಹೋಗುವುದು ನನ್ನ ಕೆಲಸ. ನನ್ನ ಊಟ ಮಾತ್ರ ದಿನಾ ಕಾರಿನೊಳಗೆ."

ಅವಳ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಸುಮತಿ ಸೋಫಾದಲ್ಲಿ ಕೂತು ಮೊದಲು ನನ್ನನ್ನು ಚೆನ್ನಾಗಿ ಬೈದಳು, ಆಮೇಲೆ ಅತ್ತಳು, ಆಮೇಲೆ ಮುರುಗಲು ಸಾರು ಕೇಳಿದಳು.

ಮತ್ತೆ ಹಾರವಾಡ

ನಾನು ಬರುವಾಗ ಬೇಲೆಕೇರಿಗೆ ಹೋಗುವ ಅದಿರಿನ ಲಾರಿಗಳ ಕೆಂಪು ಧೂಳು ಹೆದ್ದಾರಿಯ ಗಿಡಗಳ ಮೇಲೆಲ್ಲ ಹಾಗೇ ಇತ್ತು. ಗಂಗೆ ಅಂಗನವಾಡಿಯನ್ನು ನನಗಿಂತ ಚೊಕ್ಕವಾಗಿ ಇಟ್ಟಿದ್ದಳು. ನನ್ನ ಕೊರತೆ ಯಾರಿಗೂ ಕಂಡಿರಲಿಲ್ಲ, ಇದರಿಂದ ಸ್ವಲ್ಪ ಸಿಟ್ಟು ಬಂತು. ಸುಮತಿಯ ಫೋನು ಬರುತ್ತಲೇ ಇತ್ತು. ಕೈ ಕೂಡಿಕೊಂಡಿದೆ, ಯೋಜನೆ ಮುಂದುವರಿದಿದೆ, ಖಾಲಿ ತಾಟನ್ನು ಇಡದಿದ್ದರೆ ಲೂಸಿ ಕೂರುವುದೇ ಇಲ್ಲ. ಆ ಮೇಡಂ ಆ ದಾರಿಯಲ್ಲಿ ಹೋಗುವಾಗ, ತಪಾಸಣೆಯ ದಿನ ಅಲ್ಲದಿದ್ದರೂ, ಬ್ರೆಡ್ಡಿನ ಪೊಟ್ಟಣ ಹಿಡಿದು ಒಮ್ಮೆ ಬಂದಿದ್ದಳಂತೆ.

ಮಳೆಗಾಲದ ಮೊದಲು ಒಂದು ದಿನ ನಮಗೆ ಅಂಕೋಲೆಯಿಂದ ಸೂಪರ್‌ವೈಸರ್ ಬಾಯಿ ಬಂದರು. ಹೇಳದೆ, ಊಟದ ಹೊತ್ತಿಗೆ. ಅವರು ಬಂದರೆ ನಮ್ಮಲ್ಲಿ ಒಂದು ಕ್ರಮವಿದೆ. ಗಂಗೆ ಕುರ್ಚಿ ಒರೆಸುತ್ತಾಳೆ, ನಾನು ಸೆರಗು ಸರಿಮಾಡುತ್ತೇನೆ, ಪಕ್ಕದ ಮನೆಯಿಂದ ಚಾ ಬರುತ್ತದೆ, ಜೊತೆಗೆ ನಾಲ್ಕು ಬಿಸ್ಕೀಟು. ಅವರು ಕುರ್ಚಿಯಲ್ಲಿ, ಮಕ್ಕಳು ಚಾಪೆಯಲ್ಲಿ, ನಾವು ಗೋಡೆಗೆ ಒರಗಿ. ಅಂದೂ ಗಂಗೆ ಕುರ್ಚಿಗೆ ಬಟ್ಟೆ ತಗೊಂಡಳು.

ಚಾಪೆಯ ತುದಿಯಲ್ಲಿ ಬಂದವರ ತಾಟು ಇತ್ತು. ಹೆಸರುಕಾಳಿನ ಉಸಲಿ ಬಿಸಿಯಾಗಿ ಹಬೆಯಾಡುತ್ತಿತ್ತು. ಇಷ್ಟು ವರ್ಷ ಅದರ ಪಕ್ಕದಿಂದಲೇ ಈ ಬಾಯಿಯನ್ನು ದಾಟಿಸಿ ಕುರ್ಚಿಗೆ ಕರೆದೊಯ್ದಿದ್ದೆವು.

"ಮೇಡಂ, ಇಲ್ಲಿ ಕೂತ್ಕಣಿ. ಇದು ನಿಮ್ದೇ" ಎಂದೆ.

ಗಂಗೆ ಬಟ್ಟೆ ಹಿಡಿದುಕೊಂಡೇ ನಿಂತಳು. ಬಾಯಿ ಒಮ್ಮೆ ನನ್ನನ್ನು, ಒಮ್ಮೆ ತಾಟನ್ನು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಸೀರೆ ಎತ್ತಿಹಿಡಿದು, ಮಂಡಿನೋವಿಗೆ ಸಣ್ಣಗೆ ನರಳುತ್ತ ಚಾಪೆಯ ಮೇಲೆ ಕೂತರು. ಮಕ್ಕಳು ಅವರ ಮೊದಲ ತುತ್ತಿಗೆ ಕಾದವು. ಅವರು ತಿಂದರು, ಮತ್ತೊಂದು ತುತ್ತು ತಿಂದರು, ತಾಟು ಖಾಲಿಮಾಡಿದರು.

"ಉಪ್ಪು ಕಮ್ಮಿ ಅಕ್ಕೋರೆ" ಎಂದರು. ತಾಟನ್ನು ನನ್ನ ಕಡೆ ಸರಿಸಿದರು. "ಹೋದಲ್ಲೆಲ್ಲ ಚಾ ಕುಡ್ದೂ ಕುಡ್ದೂ ಹೊಟ್ಟೆ ಉರೀತದೆ. ಉಣ್ಣಿ ಅಂತ ಒಬ್ರೂ ಹೇಳೂದಿಲ್ಲ. ಇನ್ನೊಂದ್ ಸಟ್ಟುಗ ಹಾಕಿ ಕಾಂಬಾ."

ಹಾಕುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಮಂಜಗುಣಿಯಿಂದ ಅಜ್ಜಿಮನೆಗೆ ಬಂದ ಒಂದು ಹುಡುಗಿ, ಅಜ್ಜಿಯ ಸೆರಗಿನ ಹಿಂದೆ ಅರ್ಧ ಮುಖ. ಅದು ಚಾಪೆಯನ್ನು ಈ ತುದಿಯಿಂದ ಆ ತುದಿಗೆ ನೋಡಿತು, ಖಾಲಿ ತಾಟು ಕಾಣದೆ ಹಿಂದೆ ಸರಿಯಿತು. ಬಾಯಿ ತಮ್ಮ ಮಂಡಿ ಹಿಡಿದುಕೊಂಡೇ ಆಚೆ ಜರುಗಿ ಪಕ್ಕದಲ್ಲಿ ಜಾಗ ಮಾಡಿದರು, ಗಂಗೆ ಒಳಗೆ ಹೋಗಿ ಇನ್ನೊಂದು ತಾಟು ತಂದಳು.